ಗಂಗ್ನಮ್‌ನಲ್ಲಿ ಮೂಗು ತಿದ್ದಿಸಿಕೊಂಡ ಕಥೆ

ನನ್ನ ಮೂಗು ಅಪ್ಪನ ಕಡೆಯದು. ಅಜ್ಜನಿಗೆ ಇತ್ತು, ಅಪ್ಪನಿಗೆ ಇದೆ, ದೊಡ್ಡತ್ತೆಗೂ ಇದೆ. ಹುಬ್ಬುಗಳ ನಡುವೆ ಎತ್ತರವಾಗಿ ಶುರುವಾಗಿ, ಮಧ್ಯದಲ್ಲಿ ಒಂದು ಉಬ್ಬು ಎದ್ದು, ತುದಿಗೆ ಬರುವಾಗ ಸ್ವಲ್ಪ ಕೆಳಗೆ ಬಾಗುತ್ತದೆ. ಗಂಡಸರ ಮುಖದಲ್ಲಿದ್ದರೆ ಕಳೆ ಇದೆ ಅಂತಾರೆ. ಹೆಣ್ಣುಮಕ್ಕಳಿಗೆ ಬಂದರೆ ಅದು ಗಿಣಿಮೂಗು. ತೀರ್ಥಹಳ್ಳಿಯ ಶಾಲೆಯಲ್ಲಿ ನನ್ನ ಹೆಸರಿಗಿಂತ ಅದೇ ಜಾಸ್ತಿ ಚಲಾವಣೆಯಲ್ಲಿತ್ತು. ಗಂಡು ನೋಡುವ ಕಾಲ ಬಂದಾಗ ಮಾತು ನಯವಾಯಿತು, ಅಷ್ಟೇ. "ಹುಡುಗಿ ಲಕ್ಷಣವಾಗಿದ್ದಾಳೆ, ಓದಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ, ಮೂಗೊಂದು..." ಅಂತ ಸಂಬಂಧ ತರುವವರು ಅಲ್ಲಿಗೇ ನಿಲ್ಲಿಸುತ್ತಿದ್ದರು. ಸಂಪಿಗೆಯಂಥ ಮೂಗು ಬೇಕಾದವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಒಳಗಿನ ಕಥೆ ಬೇರೆ. ಎಡ ಹೊಳ್ಳೆಯಲ್ಲಿ ಉಸಿರು ಯಾವತ್ತೂ ಸರಿಯಾಗಿ ಆಡುತ್ತಿರಲಿಲ್ಲ. ಊರಲ್ಲಿದ್ದಾಗ ಅದನ್ನು ಶೀತ ಅಂದುಕೊಂಡು ಕಾಲ ತಳ್ಳಿದೆ. ಕೆಲಸಕ್ಕೆ ಅಂತ ದಕ್ಷಿಣ ಕೊರಿಯಾದ ಸುವೊನ್ ಊರಿಗೆ ಬಂದ ಮೇಲೆ ಆ ನೆಪ ನಡೆಯಲಿಲ್ಲ. ಇಲ್ಲಿ ಚಳಿಗಾಲದ ರಾತ್ರಿಗಳಲ್ಲಿ ತಾಪಮಾನ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಇಳಿಯುವುದುಂಟು. ಗಾಳಿ ಒಣಗಿ ಕಟಕಟ ಅನ್ನುತ್ತದೆ. ಬಾಯಿ ಬಿಟ್ಟು ಮಲಗಿ, ಗಂಟಲು ಒಣಗಿಸಿಕೊಂಡು ಏಳುವುದೇ ರೂಢಿಯಾಯಿತು. ಕಿವಿ-ಮೂಗು-ಗಂಟಲಿನ ಡಾಕ್ಟರು ಸಿಟಿ ಸ್ಕ್ಯಾನ್ ಮಾಡಿಸಿ ತೋರಿಸಿದರು. ಮೂಗಿನ ನಡುಗೋಡೆ ಎಡಕ್ಕೆ ವಾಲಿಕೊಂಡು ಆ ಕಡೆಯ ದಾರಿಯನ್ನು ಹೆಚ್ಚುಕಮ್ಮಿ ಮುಚ್ಚಿಬಿಟ್ಟಿತ್ತು. ಆಪರೇಷನ್ ಮಾಡಿದರೆ ಸರಿಹೋಗುತ್ತದೆ, ಇಲ್ಲಿನ ಸರ್ಕಾರಿ ಆರೋಗ್ಯ ವಿಮೆಯೂ ಸಿಗುತ್ತದೆ ಅಂದರು. ತಿಂಗಳು ತಿಂಗಳು ಸಂಬಳದಲ್ಲಿ ಹಿಡಿದುಕೊಳ್ಳುತ್ತಿದ್ದ ದುಡ್ಡಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಮೂಗಿನ ಹೊರಗಡೆಯ ಮಾತು ತೆಗೆದದ್ದು ನನ್ನ ಪಕ್ಕದ ಸೀಟಿನ ಸಹೋದ್ಯೋಗಿ. ನನಗಿಂತ ಸ್ವಲ್ಪ ದೊಡ್ಡವಳು, ಹಾಗಾಗಿ ಆಫೀಸಿನ ಹೊರಗೆ ಅವಳು ನನಗೆ ಒನ್ನಿ, ಅಂದರೆ ಅಕ್ಕ. "ಹೇಗೂ ಮೂಗು ಬಿಚ್ಚುತ್ತಾರಲ್ಲ, ಮೇಲಿನ ಉಬ್ಬನ್ನೂ ಇಳಿಸಿಕೊಂಡುಬಿಡು. ಎರಡೆರಡು ಸಲ ಯಾಕೆ ನೋವು ತಿನ್ನುತ್ತೀಯ?" ಅಂದಳು. ಊಟದ ಟ್ರೇ ಹಿಡಿದು ಸಾಲಿನಲ್ಲಿ ನಿಂತು ಹೇಳಿದ ಮಾತು ಇದು. ನಮ್ಮ ಕಡೆ ಮೂಗಿನ ಬಗ್ಗೆ ಅಷ್ಟೆಲ್ಲ ಮಾತಾಡಿದವರಲ್ಲಿ ಒಬ್ಬರೂ ಅದನ್ನು ಇಳಿಸಬಹುದು ಅಂತ ಹೇಳಿರಲಿಲ್ಲ. ಇಲ್ಲಿ ಒಬ್ಬಳು ಸುಮ್ನೆ ಹೇಳಿದಳು. ನನಗೂ ಆಸೆ ಇತ್ತು ಅಂತ ಆಗ ಗೊತ್ತಾಯಿತು. ಆಮೇಲೆ ಎಲ್ಲರಿಗೂ ಉಸಿರಾಟಕ್ಕೋಸ್ಕರ ಮಾಡಿಸಿದೆ ಅಂತ ಹೇಳಿದ್ದೇನೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಸುವೊನ್‌ನ ಗ್ವಾಂಗ್ಯೊದಲ್ಲಿ ಸಿನ್‌ಬುಂದಾಂಗ್ ಮೆಟ್ರೊ ಲೈನ್ ಹತ್ತಿದರೆ ನೇರ ಸಿನ್ಸಾ, ಅಂದರೆ ರಾಜಧಾನಿ ಸೋಲ್‌ನ ಗಂಗ್ನಮ್ ಭಾಗದ ಒಂದು ಬಡಾವಣೆ. 2022ರಿಂದ ರೈಲು ಅಲ್ಲಿಯವರೆಗೂ ಹೋಗುತ್ತದೆ. ಸ್ಟೇಷನ್ನಿನಿಂದ ಹೊರಗೆ ಬಂದು ತಲೆ ಎತ್ತಿದರೆ ಕಟ್ಟಡದ ಒಂದೊಂದು ಮಹಡಿಗೂ ಒಂದೊಂದು ಕ್ಲಿನಿಕ್. ಕಣ್ಣು, ಮೂಗು, ದವಡೆ, ಕೂದಲು, ಚರ್ಮ. ಪಕ್ಕದ ಅಪ್ಗುಜೊಂಗ್ ಸ್ಟೇಷನ್ನಿನ ಗೋಡೆಗಳಲ್ಲಿ ಒಂದು ಕಾಲಕ್ಕೆ 'ಮೊದಲು', 'ಆಮೇಲೆ' ಅನ್ನುವ ಜೋಡಿ ಮುಖಗಳೇ ತುಂಬಿದ್ದವು ಅಂತ ಒನ್ನಿ ಹೇಳಿದಳು. ಜನ ಬೇಜಾರಾಗಿ ದೂರಿದ ಮೇಲೆ ಮೆಟ್ರೊದವರು ಅಂಥ ಜಾಹೀರಾತು ಕಡಿಮೆ ಮಾಡಿದರಂತೆ. ಜಾಹೀರಾತು ಹೋದರೂ ಜನ ಹೋಗಿಲ್ಲ. ಮೂಗಿಗೆ ಟೇಪ್ ಅಂಟಿಸಿಕೊಂಡವರು, ಕಣ್ಣಿನ ಸುತ್ತ ಹಳದಿ-ನೀಲಿ ಕಟ್ಟಿದವರು ಕೈಯಲ್ಲಿ ಐಸ್ ಕಾಫಿ ಹಿಡಿದು ಆರಾಮಾಗಿ ಓಡಾಡುತ್ತಾರೆ. ಅವರನ್ನು ಯಾರೂ ತಿರುಗಿ ನೋಡುವುದಿಲ್ಲ. ಮುಖಕ್ಕೆ ಏನೂ ಅಂಟಿಸಿಕೊಂಡಿರದ ನನ್ನನ್ನು ನೋಡುತ್ತಿದ್ದರು.

ಇಲ್ಲಿ ಮೊದಲು ಭೇಟಿಯಾಗುವುದು ಡಾಕ್ಟರನ್ನಲ್ಲ, 'ಸಿಲ್‌ಜಾಂಗ್' ಅಂತ ಕರೆಯುವ ಮ್ಯಾನೇಜರನ್ನು. ಸಾಮಾನ್ಯವಾಗಿ ಹೆಂಗಸರು. ನಿಮ್ಮ ಮುಖ ನೋಡಿ ಏನೇನು ಮಾಡಬಹುದು, ಎಷ್ಟಾಗುತ್ತದೆ, ಎಲ್ಲಿ ಎಷ್ಟು ಬಿಡುತ್ತೇವೆ ಅಂತ ಮಾತಾಡುವುದು ಅವರ ಕೆಲಸ. ಮೊದಲನೇ ಕ್ಲಿನಿಕ್ಕಿನ ಸಿಲ್‌ಜಾಂಗ್ ನಾವಿಬ್ಬರೂ ಕೂತ ಕೂಡಲೇ ಒನ್ನಿಯ ಕಡೆಗೆ ತಿರುಗಿ ಮಾತು ಶುರು ಮಾಡಿದರು. ನಾನು ಜೊತೆಗೆ ಬಂದವಳು ಅಂದುಕೊಂಡಿದ್ದರು. ಇವಳದ್ದು ಅಂತ ಒನ್ನಿ ತೋರಿಸಿದಾಗ ಅವರಿಗೆ ನಿಜವಾಗಿಯೂ ಗಲಿಬಿಲಿಯಾಯಿತು. "ಅಯ್ಯೋ, ನಿಮ್ಮ ಮೂಗು ಇಷ್ಟು ಎತ್ತರ ಇದೆ! ರೆಪ್ಪೆಯ ಗೆರೆ ನೋಡಿ, ಹುಟ್ಟಿದಾಗಿಂದ ಇರೋದಾ? ಮುಖ ಬೇರೆ ಚಿಕ್ಕದು. ನಿಮಗೆ ಏನು ಬೇಕು?"

ಏನು ಬೇಕು ಅಂತ ಹೇಳುವುದಕ್ಕೆ ನಾಚಿಕೆಯಾಯಿತು. ಇಲ್ಲಿಗೆ ಮೂಗು ಹಿಡಿದುಕೊಂಡು ಬರುವವರಲ್ಲಿ ಹೆಚ್ಚಿನವರು ಅದನ್ನು ಏರಿಸಿಕೊಳ್ಳುವುದಕ್ಕೆ ಬರುತ್ತಾರೆ. ಮೂಗಿನ ಮೇಲಿನ ಮೂಳೆಯ ಭಾಗಕ್ಕೆ ಸಿಲಿಕೋನಿನ ಪಟ್ಟಿ ಅಥವಾ ಗೋರ್‌ಟೆಕ್ಸ್ ಅನ್ನುವ ಕೃತಕ ವಸ್ತು ಕೂರಿಸುತ್ತಾರೆ. ತುದಿಗೆ ತಮ್ಮದೇ ನಡುಗೋಡೆಯ ಅಥವಾ ಕಿವಿಯ ಮೃದ್ವಸ್ಥಿ, ಅದು ಸಾಲದಿದ್ದರೆ ಪಕ್ಕೆಲುಬಿನದ್ದು. ನಾನು ಅದೇ ಎತ್ತರವನ್ನು ಬೇಡ ಅಂತ ತೆಗೆಸಲು ಹೊರಟವಳು. ಕೆತ್ತಿ ತೆಗೆದದ್ದನ್ನು ಇನ್ನೊಬ್ಬರಿಗೆ ಹಾಕುವ ಹಾಗಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು ಅಂತ ಒನ್ನಿ ನಕ್ಕಳು.

ಆದರೆ ಸಿಲ್‌ಜಾಂಗ್‌ಗಳು ಹೊಗಳಿ ಸುಮ್ಮನೆ ಕಳಿಸುವವರಲ್ಲ. ಸ್ವಲ್ಪ ಹೊತ್ತಿಗೆ ನನ್ನ ದವಡೆ ಅಗಲವಾಗಿ ಕಂಡಿತು, ಅದಕ್ಕೆ ಬೊಟಾಕ್ಸ್. ಕಣ್ಣಿನ ಕೆಳಗೆ ಕಪ್ಪು, ಅದಕ್ಕೆ ಲೇಸರ್. ಇಡೀ ಮುಖಕ್ಕೆ ಬಿಳುಪಿನ ಇಂಜೆಕ್ಷನ್, ಅದೂ ಮೂರು ತಗೊಂಡರೆ ಒಂದು ಫ್ರೀ. ಮೂಗಿನ ಖರ್ಚು ಒಂದಾದರೆ ಇವುಗಳದ್ದೇ ಇನ್ನೊಂದು. ಮೂಗಿಗಿಂತ ಮೂಗುತಿ ಭಾರ ಅಂತ ನಮ್ಮಲ್ಲಿ ಹೇಳುವುದು ಇದಕ್ಕೇ ಇರಬೇಕು. ರೇಟಿನಲ್ಲೂ ಆಟ ಇದೆ. ಮೊದಲು ಮತ್ತು ಆಮೇಲಿನ ಫೋಟೊಗಳನ್ನು ಜಾಹೀರಾತಿಗೆ ಬಳಸಲು ಒಪ್ಪಿದರೆ ಒಂದು ರೇಟು, ಒಪ್ಪದಿದ್ದರೆ ಇನ್ನೊಂದು. ನಾನು ಒಪ್ಪಲಿಲ್ಲ. ನನ್ನ ಮುಖ ಯಾವ ಜಾಹೀರಾತಿಗೆ ಹೋಗುತ್ತಿತ್ತೋ ಕಾಣೆ, ಎಲ್ಲರೂ ಏರಿಸಿಕೊಳ್ಳುವ ಊರಲ್ಲಿ ಇಳಿಸಿಕೊಂಡ ಮೂಗು.

ಅಲ್ಲೇ ಕಂಪ್ಯೂಟರಿನಲ್ಲಿ ನನ್ನ ಪಕ್ಕದ ನೋಟದ ಫೋಟೊ ಹಾಕಿ 'ಆಮೇಲೆ' ಹೇಗೆ ಕಾಣುತ್ತದೆ ಅಂತ ತೋರಿಸಿದರು. ಉಬ್ಬು ಪೂರ್ತಿ ಮಾಯ. ಹಣೆಯಿಂದ ಇಳಿಯುವ ಗೆರೆ ಒಳಕ್ಕೆ ಸ್ವಲ್ಪ ಬಾಗಿ, ತುದಿ ಮೇಲಕ್ಕೆ ಎದ್ದಿತ್ತು. ಚೆನ್ನಾಗಿಯೇ ಇತ್ತು. ಆದರೆ ಯಾರದೋ ಮನೆಯ ಹುಡುಗಿ. ಇಲ್ಲಿನ ಧಾರಾವಾಹಿಗಳಲ್ಲಿ ನಾಯಕಿಯ ಗೆಳತಿಯಾಗಿ ಬರುವ ಮೂಗು ಅದು, ಅದರ ಸುತ್ತ ನನ್ನ ಕಣ್ಣು, ನನ್ನ ತುಟಿ, ನನ್ನ ಬಣ್ಣ. ಮುಂಗಡ ಕಟ್ಟದೆ ಎದ್ದು ಬಂದೆವು.

ಕಾಫಿ ಅಂಗಡಿಯಲ್ಲಿ ಕೂತು ಒನ್ನಿಯನ್ನು ಕೇಳಿಬಿಟ್ಟೆ. ನೀವೆಲ್ಲ ಬಿಳಿಯರ ಹಾಗೆ ಕಾಣಬೇಕು ಅಂತ ಮಾಡಿಸಿಕೊಳ್ಳುತ್ತೀರಿ ಅಂತಾರಲ್ಲ, ನಿಜವಾ? ಅವಳ ರೆಪ್ಪೆಯ ಗೆರೆ ಆಪರೇಷನ್ನಿನದು ಅಂತ ನನಗೆ ಗೊತ್ತಿತ್ತು. ಅದನ್ನು ಮುಚ್ಚಿಟ್ಟವಳೂ ಅಲ್ಲ. ಪೂರ್ವ ಏಷ್ಯಾದಲ್ಲಿ ಬಹಳಷ್ಟು ಜನರಿಗೆ ಮೇಲಿನ ರೆಪ್ಪೆಯಲ್ಲಿ ಮಡಿಕೆಯ ಗೆರೆ ಹುಟ್ಟಿನಿಂದ ಇರುವುದಿಲ್ಲ, ಬಹಳಷ್ಟು ಜನರಿಗೆ ಇರುತ್ತದೆ. ಒಂದೇ ಮನೆಯಲ್ಲಿ ಅಕ್ಕನಿಗೆ ಇದ್ದು ತಂಗಿಗೆ ಇಲ್ಲದಿರಬಹುದು. ಒನ್ನಿಯ ಮನೆಯಲ್ಲಿ ಹಾಗೇ ಆಗಿತ್ತು. ಇಲ್ಲಿ ನವೆಂಬರಿನಲ್ಲಿ ಸುನುಂಗ್ ಅಂತ ಒಂದು ಪರೀಕ್ಷೆ ನಡೆಯುತ್ತದೆ, ಯಾವ ಯೂನಿವರ್ಸಿಟಿ ಅಂತ ತೀರ್ಮಾನವಾಗುವುದು ಅದರಲ್ಲಿ. ಅದು ಮುಗಿದ ಚಳಿಗಾಲದಲ್ಲಿ ಅಮ್ಮನೇ ಕರೆದುಕೊಂಡು ಹೋಗಿ ಮಾಡಿಸಿದರಂತೆ. ಕೊಯ್ಯದೆ ದಾರದಿಂದ ಹೊಲಿಗೆ ಹಾಕಿ ಮಡಿಕೆ ಮೂಡಿಸುವ ಸಣ್ಣ ಆಪರೇಷನ್. ಬೇಸಿಗೆ ರಜೆಯಲ್ಲಿ ಸೈಕಲ್ ಕೊಡಿಸುವ ಹಾಗೆ ಕೊಡಿಸಿದರು.

"ನನಗೆ ಬಿಳಿಯರ ಕಣ್ಣು ಯಾಕೆ ಬೇಕು? ನನಗೆ ನಮ್ಮಕ್ಕನ ಕಣ್ಣು ಬೇಕಿತ್ತು" ಅಂದಳು ಒನ್ನಿ. "ಅವಳನ್ನು ನೋಡಿದವರು ಚೆಂದ ಅಂತಿದ್ದರು, ನನ್ನನ್ನು ನೋಡಿದವರು ನಿದ್ದೆ ಆಗಿಲ್ವಾ ಅಂತಿದ್ದರು." ಜೊತೆಗೆ ಕೆಲಸದ ಅರ್ಜಿಗೆ ಫೋಟೊ ಅಂಟಿಸಬೇಕಿತ್ತು. ಸರ್ಕಾರಿ ಸಂಸ್ಥೆಗಳ ನೇಮಕಾತಿಯಲ್ಲಿ ಫೋಟೊ, ಊರು, ಮನೆತನದ ವಿವರ ಕೇಳಬಾರದು ಅಂತ ಮಾಡಿದ್ದು 2017ರಲ್ಲಿ. ಅವಳು ಕೆಲಸ ಹುಡುಕಿದ್ದು ಅದಕ್ಕೂ ಮೊದಲು.

ಅವಳ ಮಾತು ನನಗೆ ಸರಿ ಅನ್ನಿಸಿತು. ಆದರೂ ಕಥೆ ಅಷ್ಟು ಸಲೀಸಲ್ಲ. ಈ ಹೊಲಿಗೆಯ ಆಪರೇಷನ್ ಬಗ್ಗೆ ಮೊದಲು ಬರೆದವರು ಜಪಾನಿನ ಮಿಕಾಮೊ ಅನ್ನುವ ವೈದ್ಯರು, 1896ರಲ್ಲಿ. ಎರಡು ಕಣ್ಣಲ್ಲಿ ಒಂದಕ್ಕೆ ಮಾತ್ರ ಗೆರೆ ಇದ್ದ ಒಬ್ಬ ಹೆಂಗಸಿನ ಇನ್ನೊಂದು ಕಣ್ಣನ್ನು ಅವರು ಸರಿಮಾಡಿದ್ದರು. ಕೊರಿಯಾದಲ್ಲಿ ರೆಪ್ಪೆಯ ಆಪರೇಷನ್ ಹೆಸರುವಾಸಿಯಾದದ್ದು ಕೊರಿಯಾ ಯುದ್ಧ ಮುಗಿದ ಮೇಲೆ, ಅಮೆರಿಕದ ಸೈನ್ಯದ ಜೊತೆಗಿದ್ದ ಪ್ಲಾಸ್ಟಿಕ್ ಸರ್ಜನ್ ಡೇವಿಡ್ ರಾಲ್ಫ್ ಮಿಲಾರ್ಡ್ ಮೂಲಕ. 1955ರಲ್ಲಿ ಅವರು ಬರೆದ ಲೇಖನದಲ್ಲಿ, ತನ್ನ ಕಣ್ಣನ್ನು ದುಂಡಗೆ ಮಾಡಿಕೊಡಿ ಅಂತ ಕೇಳಿಕೊಂಡು ಬಂದ ಒಬ್ಬ ಕೊರಿಯನ್ ದುಭಾಷಿಯ ಪ್ರಸ್ತಾಪ ಇದೆ. ಅಲ್ಲಿ ಬಿಳಿಯರ ಅಳತೆಗೋಲು ಎದುರಿಗೇ ಇದೆ. ಇನ್ನೂ ನೇರವಾದದ್ದು ಅಮೆರಿಕದ ಟಿವಿ ನಿರೂಪಕಿ ಜೂಲಿ ಚೆನ್ ಅವರ ಕಥೆ. ಚಿಕ್ಕ ವಯಸ್ಸಿನಲ್ಲಿ ಒಹಾಯೊದ ಸುದ್ದಿವಾಹಿನಿಯಲ್ಲಿದ್ದಾಗ, ನಿನ್ನ ಏಷ್ಯನ್ ಕಣ್ಣು ಇಟ್ಟುಕೊಂಡು ನಿರೂಪಕಿ ಆಗುವುದಕ್ಕಾಗುವುದಿಲ್ಲ ಅಂತ ಮೇಲಿನವರು ಹೇಳಿದ್ದರು, ಆಮೇಲೆ ರೆಪ್ಪೆಯ ಆಪರೇಷನ್ ಮಾಡಿಸಿಕೊಂಡೆ ಅಂತ 2013ರಲ್ಲಿ ಅವರು ಟಿವಿಯಲ್ಲೇ ಹೇಳಿಕೊಂಡರು. ಅದೇ ರೆಪ್ಪೆಯ ಗೆರೆ. ಒಹಾಯೊದಲ್ಲಿ ಅದು ಜನಾಂಗದ ಗುರುತು ಅಳಿಸಿಕೊಳ್ಳುವ ಬೆಲೆ. ಒನ್ನಿಯ ಮನೆಯಲ್ಲಿ ಅಕ್ಕ-ತಂಗಿಯರ ಜಗಳ. ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕುವವರನ್ನು ಕಂಡರೆ ನನಗೆ ಈಗ ತಾಳ್ಮೆ ಕಡಿಮೆ.

ಒನ್ನಿಯ ತಂಗಿಯೊಬ್ಬಳಿದ್ದಾಳೆ, ಎಲ್ಲರಿಗಿಂತ ಚಿಕ್ಕವಳು. ಅವಳು ಆಪರೇಷನ್ನಿಗೆ ಒಪ್ಪಲೇ ಇಲ್ಲ. 2018ರ ಸುಮಾರಿಗೆ ಇಲ್ಲಿನ ಹುಡುಗಿಯರು ಮೇಕಪ್ ಡಬ್ಬಿಗಳನ್ನು ಪುಡಿ ಮಾಡಿ, ಕೂದಲು ಗಿಡ್ಡ ಕತ್ತರಿಸಿಕೊಂಡು, ಚೆಂದ ಕಾಣಲು ಸೊಂಟ ಬಿಗಿಯುವ ಕಾರ್ಸೆಟ್ ಕಳಚುವ ಹಾಗೆ ಈ ಕಟ್ಟುಪಾಡನ್ನು ಕಳಚುತ್ತೇವೆ ಅಂತ ಎದ್ದಾಗ ಅವಳೂ ಸೇರಿದ್ದಳು. ಗೆರೆ ಇಲ್ಲದ ಕಣ್ಣಿನಲ್ಲೇ ದೊಡ್ಡ ಹೆಸರು ಮಾಡಿದ ಕಿಮ್ ಗೊ-ಉನ್ ಥರದ ನಟಿಯರೂ ಇದ್ದಾರಲ್ಲ, ಅಂತ ಅಮ್ಮನ ಜೊತೆ ವಾದ ಹೂಡುತ್ತಾಳಂತೆ. "ಅವಳು ನಟಿ, ನೀನು ಇಂಟರ್‌ವ್ಯೂಗೆ ಹೋಗಬೇಕಾದವಳು" ಅಂತ ಅಮ್ಮನ ಉತ್ತರ. ಈ ಅಮ್ಮಂದಿರನ್ನು ಯಾವ ದೇಶದಲ್ಲಿಟ್ಟರೂ ನಡೆಯುತ್ತದೆ.

ಸುವೊನ್‌ಗೆ ವಾಪಸ್ ಬರುವಾಗ ರೈಲು ತುಂಬಿತ್ತು. ಒನ್ನಿ ನಡುವೆ ಇಳಿದುಹೋದಳು. ನನ್ನ ಪಕ್ಕದ ಸೀಟು ಮಾತ್ರ ಖಾಲಿ ಉಳಿಯಿತು. ಇಲ್ಲಿ ಇರುವ ನಮ್ಮವರಿಗೆ ಇದು ಹೊಸದಲ್ಲ. ಇಲ್ಲಿನ ಜನ ನಿಂತೇ ಇರುತ್ತಾರೆ, ನಮ್ಮ ಪಕ್ಕದಲ್ಲಿ ಕೂರುವುದಿಲ್ಲ. ಎಲ್ಲರೂ ಹಾಗಲ್ಲ, ಯಾವಾಗಲೂ ಹಾಗಲ್ಲ. ಆದರೆ ಆಗ ಆದದ್ದು ಚುಚ್ಚಿತು. ಇದೇ ಮೂಗು, ಇದೇ ಕಣ್ಣು, ಇದೇ ಚಿಕ್ಕ ಮುಖವನ್ನು ಸ್ವಲ್ಪ ಹೊತ್ತಿನ ಮುಂಚೆ ಬಿಡಿಬಿಡಿಯಾಗಿ ಬೆಲೆ ಕಟ್ಟಿ ಹೊಗಳಿದ್ದರು. ಅವೆಲ್ಲ ಒಟ್ಟಿಗೆ ಒಂದು ಕಪ್ಪು ಚರ್ಮದಲ್ಲಿ ಕೂತಾಗ ಪಕ್ಕದ ಸೀಟಿಗೂ ಬೆಲೆ ಬರಲಿಲ್ಲ. ಎತ್ತರದ ಮೂಗು ಅಂದರೆ ಬಿಳಿಯರ ಮೂಗು ಅಂತಲೇ ಆಗಿದ್ದರೆ ನನಗೆ ಅದರ ಲಾಭದಲ್ಲಿ ಒಂದಿಷ್ಟಾದರೂ ಸಿಗಬೇಕಿತ್ತು. ಊರಿನ ಕಥೆಯೂ ಬೇರೆಯೇನಲ್ಲ ಬಿಡಿ. ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ ಫೇರ್ ತೆಗೆದು ಗ್ಲೋ ಹಾಕಿಕೊಂಡಿತು. ಸಂಬಂಧ ತರುವವರ ಬಾಯಲ್ಲಿ ಈಗಲೂ ಬಿಳಿ ಹುಡುಗಿ ಬಿಳಿ ಹುಡುಗಿಯೇ.

ಕೊನೆಗೆ ನಾನು ಆರಿಸಿಕೊಂಡದ್ದು ಉಸಿರಾಟದ ತೊಂದರೆಯನ್ನೂ ಆಕಾರವನ್ನೂ ಒಟ್ಟಿಗೆ ನೋಡುವ, ಸ್ವಲ್ಪ ವಯಸ್ಸಾದ ಒಬ್ಬ ಡಾಕ್ಟರನ್ನು. ಅವರು ಕೇಳಿದ ಮೊದಲ ಪ್ರಶ್ನೆಗೇ ನಾನು ಒಪ್ಪಿದ್ದೆ: "ಮನೆಯಲ್ಲಿ ಯಾರಿಗೆ ಈ ಮೂಗಿದೆ?" ಫೋನಿನಲ್ಲಿದ್ದ ಅಪ್ಪನ ಫೋಟೊ ತೋರಿಸಿದೆ. ಅದನ್ನು ದೊಡ್ಡದು ಮಾಡಿ ನೋಡಿ, "ಇವರಿಗೆ ಒಪ್ಪುತ್ತದೆ" ಅಂದರು. ಆಮೇಲೆ ನನ್ನ ಮೂಗನ್ನು ಒತ್ತಿ ಒತ್ತಿ ನೋಡಿ, ಉಬ್ಬನ್ನು ಪೂರ್ತಿ ತೆಗೆಯುವುದಿಲ್ಲ ಅಂತ ಅವರೇ ಹೇಳಿದರು. ಕಾರಣ ಎರಡು. ನನ್ನ ಮೂಗಿನ ತುದಿಯ ಚರ್ಮ ದಪ್ಪ. ಮೇಲಿನ ಮೂಳೆ ಜಾಸ್ತಿ ಇಳಿಸಿದರೆ ತುದಿ ಉಂಡೆಯಾಗಿ ಎದ್ದು ಕಾಣುತ್ತದೆ. ಎರಡನೆಯದು, ಉಬ್ಬು ಕೆತ್ತಿದ ಮೇಲೆ ಎರಡೂ ಪಕ್ಕದ ಮೂಳೆಯನ್ನು ಒಳಕ್ಕೆ ತಂದು ಕೂಡಿಸಬೇಕು. ಅತಿಯಾದರೆ ಗಾಳಿಯ ದಾರಿಯೇ ಕಿರಿದಾಗುತ್ತದೆ. ಉಸಿರಾಡಲು ಅಂತ ಬಂದು ಉಸಿರು ಕಟ್ಟಿಸಿಕೊಂಡು ಹೋಗುವುದು ಬೇಡ ಅಂದರು. ಎಷ್ಟು ಉಳಿಸಬೇಕು ಅಂತ ನನ್ನನ್ನೇ ಕೇಳಿದರು. ಪಕ್ಕದಿಂದ ನೋಡಿದರೆ ಅಪ್ಪನ ಮಗಳು ಅಂತ ಗೊತ್ತಾಗಬೇಕು ಅಂದೆ. ಅದನ್ನು ಕೊರಿಯನ್ ಭಾಷೆಯಲ್ಲಿ ಹೇಗೆ ಹೇಳಿದೆನೋ, ಅವರು ತಲೆ ಆಡಿಸಿ ಬರೆದುಕೊಂಡರು.

ಚರ್ಮದ ಬಗ್ಗೆಯೂ ಕೇಳಿದರು. ನಮ್ಮಂಥ ಬಣ್ಣದವರಿಗೆ ಗಾಯ ಒಣಗಿದ ಜಾಗ ಕಪ್ಪಾಗಿ ಉಳಿಯುವುದುಂಟು, ಕೆಲವರಿಗೆ ಗುರುತು ಗಂಟಾಗಿ ಬೆಳೆಯುತ್ತದೆ. ನನ್ನ ಮೂಗುತಿಯ ತೂತು ನೋಡಿ ಅವರಿಗೆ ಸಮಾಧಾನವಾಯಿತು. ಸುತ್ತ ಗಂಟಿಲ್ಲ, ಕಲೆ ಇಲ್ಲ. ಅಮ್ಮ ಚಿಕ್ಕಂದಿನಲ್ಲಿ ಹಟ ಹಿಡಿದು ಚುಚ್ಚಿಸಿದ್ದು ಇಲ್ಲಿ ಸರ್ಟಿಫಿಕೇಟಿನ ಹಾಗೆ ಕೆಲಸಕ್ಕೆ ಬಂತು.

"ಮೂಗಿನ ಆಪರೇಷನ್ ನಿಮ್ಮ ದೇಶದಿಂದಲೇ ಬಂದದ್ದಲ್ಲವಾ" ಅಂತಲೂ ಅಂದರು. ಹಣೆಯ ಚರ್ಮವನ್ನು ತಿರುಗಿಸಿ ಮೂಗು ಕಟ್ಟುವ ಕ್ರಮವನ್ನು ಈಗಲೂ ಇಂಡಿಯನ್ ವಿಧಾನ ಅಂತಲೇ ಓದುತ್ತಾರಂತೆ. ಅವರಿಗೆ ಗೊತ್ತಿದ್ದದ್ದು ಸುಶ್ರುತ. ಅದಕ್ಕೂ ನಮಗೂ ಇರುವ ಇನ್ನೊಂದು ನಂಟು ನಾನು ಹೇಳಿದೆ. ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಅನ್ನುವವನು 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಅವನ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿಕೊಟ್ಟ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಇದನ್ನು ಅಚ್ಚುಹಾಕಿತು. 1814ರಲ್ಲಿ ಜೋಸೆಫ್ ಕಾರ್ಪ್ಯೂ ಅದನ್ನು ಲಂಡನ್ನಿನಲ್ಲಿ ಮಾಡಿದರು. ಮೈಸೂರಿನ ಯುದ್ಧದಲ್ಲಿ ಹೋದ ಮೂಗು ಯುರೋಪಿಗೆ ಆಪರೇಷನ್ ಕಲಿಸಿತು. ಡಾಕ್ಟರು ಖುಷಿಪಟ್ಟು ಕೇಳಿದರು. ಮಾನ ಹೋದವನಿಗೆ ಮಾನ ಕಟ್ಟಿಕೊಟ್ಟ ಕೆಲಸ ಅದು. ನನ್ನದು ಗಟ್ಟಿಮುಟ್ಟಾಗಿದ್ದ ಮೂಗು, ನಾನೇ ದುಡ್ಡು ಕೊಟ್ಟು ಕೆತ್ತಿಸುವುದು. ಅಜ್ಜ ಇದ್ದಿದ್ದರೆ ಏನನ್ನುತ್ತಿದ್ದರೋ.

ಅಮ್ಮನಿಗೆ ಹೇಳಿದ್ದು ತಾರೀಕು ಗೊತ್ತಾದ ಮೇಲೆ. ನಡುಗೋಡೆಯ ವಿಷಯಕ್ಕೆ ಹೂಂ ಅಂದರು. ಉಬ್ಬಿನ ವಿಷಯಕ್ಕೆ ಬಂದಾಗ, "ಬೆಂಗಳೂರಲ್ಲಿ ಆ ಸೀರಿಯಲ್ ಹುಡುಗಿ ಹೋಯ್ತಲ್ಲೇ, ಕೊಬ್ಬು ತೆಗೆಸೋಕೆ ಹೋಗಿ" ಅಂತ ಅತ್ತರು. 2022ರ ಸುದ್ದಿ ಅದು. ಅವರ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ. ಇಲ್ಲೂ 2016ರಲ್ಲಿ ದವಡೆಯ ಆಪರೇಷನ್ ಮಾಡಿಸಿಕೊಂಡ ಒಬ್ಬ ಕಾಲೇಜು ಹುಡುಗ ರಕ್ತ ಹೋಗಿ ತೀರಿಕೊಂಡ. ಆಪರೇಷನ್ ಕೋಣೆಯ ಸಿಸಿಟಿವಿ ದೃಶ್ಯವನ್ನು ಅವನ ತಾಯಿ ಪಡೆದು, ಪದೇ ಪದೇ ನೋಡಿ, ಒಪ್ಪಿಕೊಂಡ ಡಾಕ್ಟರು ನಡುವೆ ಬಿಟ್ಟುಹೋಗಿದ್ದನ್ನು ಎತ್ತಿ ತೋರಿಸಿ ವರ್ಷಗಟ್ಟಲೆ ಹೋರಾಡಿದರು. ಪ್ರಜ್ಞೆ ತಪ್ಪಿಸಿ ಮಾಡುವ ಆಪರೇಷನ್ ಕೋಣೆಗಳಲ್ಲಿ ಕ್ಯಾಮೆರಾ ಇರಬೇಕು, ರೋಗಿ ಕೇಳಿದರೆ ಚಿತ್ರೀಕರಿಸಬೇಕು ಅನ್ನುವ ಕಾನೂನು ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ನಾನು ಆ ಫಾರ್ಮ್ ಕೇಳಿ ಪಡೆದು ಸಹಿ ಹಾಕಿದೆ. ಯಾರಾದರೂ ಇಲ್ಲಿ ಮಾಡಿಸಿಕೊಳ್ಳುವವರಿದ್ದರೆ ದಯವಿಟ್ಟು ಕೇಳಿ. ಮುಜುಗರ ಪಡಬೇಡಿ. ಕೊಯ್ಯುವವರು ಯಾರು, ಅರಿವಳಿಕೆ ಕೊಡುವ ಡಾಕ್ಟರು ಪೂರ್ತಿ ಹೊತ್ತು ಕೋಣೆಯಲ್ಲೇ ಇರುತ್ತಾರಾ ಅಂತಲೂ ಕೇಳಿ.

ದುಡ್ಡಿನ ವಿಷಯ ಚಿಕ್ಕದಾಗಿ: ನಡುಗೋಡೆಯ ಭಾಗಕ್ಕೆ ವಿಮೆ, ಉಬ್ಬಿನ ಭಾಗ ಪೂರ್ತಿ ಕೈಯಿಂದ, ಅದರ ಮೇಲೆ 10% ತೆರಿಗೆ. ಬಿಲ್ಲು ಎರಡು ಬೇರೆ ಬೇರೆ ಬರುತ್ತದೆ. ಚೆಂದಕ್ಕೆ ತೆರಿಗೆ ಇದೆ, ಉಸಿರಿಗೆ ಇಲ್ಲ.

ಆಪರೇಷನ್ ದಿನ ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಂಡು ಬನ್ನಿ ಅಂದಿದ್ದರು. ಯಾಕೆ ಅಂತ ಆಮೇಲೆ ಅರ್ಥವಾಯಿತು, ತಲೆಯ ಮೇಲಿಂದ ಏನನ್ನೂ ಎಳೆಯುವ ಹಾಗಿರುವುದಿಲ್ಲ. ಹಿಂದಿನ ರಾತ್ರಿಯಿಂದ ಊಟ ನೀರು ಇಲ್ಲ. ಮೂಗುತಿ ತೆಗೆಯಬೇಕು. ರಕ್ತ ನಿಲ್ಲಿಸಲು ಕರೆಂಟಿನಿಂದ ಸುಡುತ್ತಾರೆ, ಲೋಹ ಇದ್ದರೆ ಚರ್ಮ ಸುಡಬಹುದು. ನನ್ನ ಮೂಗುತಿ ಹಿಂದೆ ತಿರುಪು ಇರುವ ಹಳೇ ಕಾಲದ್ದು. ನರ್ಸುಗಳು ಇಬ್ಬರೂ ಅಂಥದ್ದನ್ನು ನೋಡಿರಲಿಲ್ಲ. ಕನ್ನಡಿ ಮುಂದೆ ನಿಂತು ನಾನೇ ತಿರುಗಿಸಿ ತೆಗೆದೆ. ತೂತು ಮುಚ್ಚದ ಹಾಗೆ ಬೇವಿನ ಕಡ್ಡಿ ಇಡಿಸು ಅಂತ ಅಮ್ಮ ಫೋನಿನಲ್ಲಿ ಹೇಳಿದ್ದರು. ಸುವೊನ್‌ನಲ್ಲಿ ಬೇವು ಎಲ್ಲಿ ತರುವುದು? ತಂದಿದ್ದರೂ ಆಪರೇಷನ್ ಕೋಣೆಯೊಳಗೆ ಬಿಡುತ್ತಿರಲಿಲ್ಲ.

ಆಪರೇಷನ್ನಿನ ಬಗ್ಗೆ ಹೇಳಲು ಏನೂ ಇಲ್ಲ. ಎಣಿಸಿ ಅಂದರು, ಎಣಿಸಿದೆ, ಎದ್ದೆ.

ಆಮೇಲಿನ ದಿನಗಳು ಬೇಕಾದಷ್ಟಿವೆ. ಹೊಳ್ಳೆಗಳಿಗೆ ಗಟ್ಟಿಯಾಗಿ ಏನೋ ತುರುಕಿದ್ದರು. ಮೇಲೆ ಪಟ್ಟಿ. ನುಂಗಿದರೆ ಕಿವಿ ಮುಚ್ಚಿಕೊಳ್ಳುತ್ತಿತ್ತು. ನೋವು ಅಂದುಕೊಂಡಷ್ಟು ಇರಲಿಲ್ಲ, ಹಿಂಸೆ ಜಾಸ್ತಿ ಇತ್ತು. ಕೂತೇ ಮಲಗಬೇಕು. ಬಾಯಲ್ಲಿ ಉಸಿರಾಡುತ್ತಾ ಸಾರನ್ನ ತಿನ್ನುವುದು ಒಂದು ವಿದ್ಯೆ. ವಾಸನೆ ಪೂರ್ತಿ ಹೋಗಿತ್ತು. ಒಗ್ಗರಣೆ ಹಾಕಿದರೆ ಚಟಪಟ ಕೇಳುತ್ತದೆ, ಇಂಗು ಇದೆಯೋ ಇಲ್ಲವೋ ಗೊತ್ತಿಲ್ಲ. ಕಣ್ಣಿನ ಕೆಳಗೆ ಕಟ್ಟಿದ ರಕ್ತ ನನ್ನ ಬಣ್ಣದ ಮೇಲೆ ಸರಿಯಾಗಿ ಕಾಣಿಸುತ್ತಲೂ ಇರಲಿಲ್ಲ. ಎಲ್ಲರ ಹಾಗೆ ನೇರಳೆಯಾಗಿದ್ದರೆ ಆಫೀಸಿನವರ ಕನಿಕರವಾದರೂ ಸಿಗುತ್ತಿತ್ತು. ಒನ್ನಿ ಕುಂಬಳಕಾಯಿ ರಸದ ಪ್ಯಾಕೆಟ್ಟುಗಳ ಡಬ್ಬಿ ಹೊತ್ತು ತಂದಳು. ಊತ ಇಳಿಯಲಿ ಅಂತ ಇಲ್ಲಿ ಎಲ್ಲರೂ ಕುಡಿಯುವುದು ಅದನ್ನೇ, ಬಾಣಂತಿಯರೂ. ನಮ್ಮ ಮನೆಯ ಕಷಾಯದ ಶಾಸ್ತ್ರದಷ್ಟೇ ಅದರ ಶಾಸ್ತ್ರ ಇರಬೇಕು. ಕುಡಿದೆ.

ಒಳಗೆ ತುರುಕಿದ್ದನ್ನು ಹೊರಗೆ ಎಳೆದ ಕ್ಷಣ ಮಾತ್ರ ಮರೆಯಲಾರೆ. ಎಳೆದಷ್ಟೂ ಬರುತ್ತಲೇ ಇತ್ತು. ಬಂದು ಮುಗಿದ ಕೂಡಲೇ ಎಡ ಹೊಳ್ಳೆಯಲ್ಲಿ ತಣ್ಣಗೆ ಗಾಳಿ ಹೋಯಿತು. ಜನ ಇಷ್ಟು ದಿನ ಹೀಗೆ ಉಸಿರಾಡುತ್ತಿದ್ದರಾ ಅಂತ ಹೊಟ್ಟೆಕಿಚ್ಚಾಯಿತು. ಉಬ್ಬು ಏನಾಯಿತು ಅಂತ ನೋಡುವ ನೆನಪೂ ಆಗ ಬರಲಿಲ್ಲ.

ವಾರದ ಮೇಲೆ ಪಟ್ಟಿ ಬಿಚ್ಚಿದಾಗ ನೋಡಿದೆ. ಊದಿದ ಮುಖದ ನಡುವೆ ಊದಿದ ಮೂಗು. ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷ ಬೇಕು, ಅಲ್ಲಿಯವರೆಗೆ ತೀರ್ಮಾನ ಕೊಡಬೇಡಿ ಅಂತ ಮೊದಲೇ ಹೇಳಿದ್ದರು. ಕನ್ನಡಕ ಹಾಕುವ ಹಾಗಿರಲಿಲ್ಲ, ಮೂಳೆ ಕೂಡಿಕೊಳ್ಳುವ ಮುಂಚೆ ಭಾರ ಬಿದ್ದರೆ ತಗ್ಗು ಬೀಳುತ್ತದೆ. ಲೆನ್ಸ್ ಹಾಕಿ ಕೆಲಸಕ್ಕೆ ಹೋದೆ. ತಿಂಗಳುಗಳು ಹೋದ ಹಾಗೆ ಉಬ್ಬು ತಗ್ಗಿ, ಒಂದು ಸಣ್ಣ ಏರು ಉಳಿಯಿತು. ಕೇಳಿದಷ್ಟೇ.

ಯುಗಾದಿಗೆ ಊರಿಗೆ ಹೋದಾಗ ಎಲ್ಲರೂ ನನ್ನ ಮುಖವನ್ನು ನೋಡಿದರು. ಅಪ್ಪ, "ಉಸಿರಾಟ ಹ್ಯಾಗಿದೆ ಈಗ?" ಅಂತ ಕೇಳಿ ಅಡಿಕೆ ರೇಟಿನ ಮಾತಿಗೆ ಹೋದರು. ದೊಡ್ಡತ್ತೆ ಮಾತ್ರ ಬಿಡಲಿಲ್ಲ. ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಎಂಥ ಮಾರಾಯ್ತಿ, ಅಷ್ಟು ದುಡ್ಡು ಸುರಿದು ಇಷ್ಟೇನಾ? ಹೇಳದಿದ್ರೆ ಗೊತ್ತೇ ಆಗಲ್ಲ" ಅಂದರು. ಆಮೇಲೆ ತಮ್ಮ ಮೂಗನ್ನು ಮುಟ್ಟಿಕೊಂಡು, "ನಂದು ನಂಗೇ ಇರಲಿ" ಅಂತ ನಕ್ಕರು. ಸಂಬಂಧ ತರುವವರು ಅಮ್ಮನ ಹತ್ತಿರ ಮಾತಾಡಿದ್ದು ಒಳಗೆ ಕೇಳಿಸಿತು. "ಹುಡುಗಿ ಲಕ್ಷಣವಾಗಿದ್ದಾಳೆ, ಫಾರಿನ್ ಕೆಲಸ, ಬಣ್ಣ ಸ್ವಲ್ಪ..." ಈಗ ಅಲ್ಲಿಗೇ ನಿಲ್ಲುತ್ತಾರೆ. ಒಂದು ಮಾತು ಕಮ್ಮಿಯಾಗಿದೆ.

ಸುವೊನ್‌ಗೆ ವಾಪಸಾದ ಮೇಲೆ ಒನ್ನಿ ತನ್ನ ಬಲಗಣ್ಣಿನ ಗೆರೆ ಸಡಿಲವಾಗಿದೆ, ಮತ್ತೆ ಹೊಲಿಸಬೇಕು ಅಂತ ಶುರು ಮಾಡಿದ್ದಾಳೆ. ದಾರದ ಹೊಲಿಗೆ ಕೆಲವರಿಗೆ ವರ್ಷಗಳ ಮೇಲೆ ಹೀಗೆ ಬಿಚ್ಚಿಕೊಳ್ಳುತ್ತದೆ. ಎಡಗಣ್ಣಿನದ್ದನ್ನೂ ಬಿಚ್ಚಿಸಿ ಹುಟ್ಟಿದ ಹಾಗೇ ಇರು ಅಂತ ಅವಳ ತಂಗಿ ಪೀಡಿಸುತ್ತಿದ್ದಾಳೆ. ಈ ಸಲ ಜೊತೆಗೆ ಹೋಗುವವಳು ನಾನು.

ನನ್ನ ಕಡೆ ಬಾಕಿ ಇರುವುದು ಮೂಗುತಿ. ತೂತು ಮುಚ್ಚಿಹೋಗಿದೆ. ಹೊಳ್ಳೆಗೆ ಏನೂ ಮಾಡಿಲ್ಲ, ಆದರೂ ಊತ ಪೂರ್ತಿ ಇಳಿಯಲಿ, ಆಮೇಲೆ ಚುಚ್ಚಿಸಿ, ಗನ್ನಿನಿಂದ ಬೇಡ, ಸೂಜಿಯಿಂದ ಅಂತ ಡಾಕ್ಟರು ಹೇಳಿದ್ದಾರೆ. ಅಮ್ಮ ಆಗಲೇ ಅಕ್ಕಸಾಲಿಗರನ್ನು ವಿಚಾರಿಸಿ ಬಂದಿದ್ದಾರೆ. ಹಳೇ ಜಾಗದ ಪಕ್ಕದಲ್ಲೇ ಚುಚ್ಚಬಹುದಂತೆ. ದೀಪಾವಳಿಗೆ ರಜೆ ಸಿಕ್ಕರೆ ಆಗುತ್ತದೆ, ಇಲ್ಲದಿದ್ದರೆ ಮುಂದಿನ ವರ್ಷ.